ತಮ್ಮನನ್ನು ಸೈನ್ಯಕ್ಕೆ ಸೇರಿಸಲು ಹೋಗಿ ಎರಡು ಲಕ್ಷ ಕಳೆದುಕೊಂಡೆವು: ಹಾವೇರಿ, ಗದಗ, ಧಾರವಾಡದ ಪಾಲಕರ ಗಮನಕ್ಕೆ

ಸೈನ್ಯಕ್ಕೆ ಸೇರಿಸಿಕೊಡುತ್ತೇವೆಂದು ಹೇಳಿ ಯಾರಾದರೂ ನಿಮ್ಮ ಮಗನ ಮೂಲ ಅಂಕಪಟ್ಟಿಯನ್ನೂ ಮುಂಗಡ ಹಣವನ್ನೂ ಕೇಳಿದರೆ ದಯವಿಟ್ಟು ಕೊಡಬೇಡಿ. ನಾವು ಕೊಟ್ಟೆವು. ಎರಡು ಲಕ್ಷ ರೂಪಾಯಿ ಹೋಯಿತು, ಅವ್ವನ ಬೋರಮಾಳ ಸರ ಇನ್ನೂ ಅಡವಿನಲ್ಲಿದೆ, ಮತ್ತು ಹತ್ತೊಂಬತ್ತು ವರ್ಷದ ನನ್ನ ತಮ್ಮ ಎಷ್ಟೋ ತಿಂಗಳು ಮನೆಯಲ್ಲಿ ಯಾರ ಮುಖವನ್ನೂ ನೋಡದೆ ಊಟ ಮಾಡಿ ಎದ್ದು ಹೋಗುತ್ತಿದ್ದ. ನಮ್ಮ ಭಾಗದಲ್ಲಿ ಇನ್ನೂ ಹಲವು ಮನೆಗಳು ಇದೇ ದಾರಿಯಲ್ಲಿರುವುದನ್ನು ಕಂಡು ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ನಾನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ತಮ್ಮ ಪಿಯುಸಿಯಲ್ಲಿ ಎರಡು ವಿಷಯ ಉಳಿಸಿಕೊಂಡ ಮೇಲೆ ಓದನ್ನು ಬಿಟ್ಟ. ಹತ್ತು ಗಂಟೆಗೆ ಏಳುವುದು, ಮೊಬೈಲು ಹಿಡಿದು ಕಟ್ಟೆಯ ಮೇಲೆ ಕೂರುವುದು, ಹಚ್ಚಿದ ಕೆಲಸವನ್ನು ತಿಂಗಳೊಳಗೆ ಬಿಟ್ಟು ಬರುವುದು, ಇಷ್ಟೇ ಅವನ ದಿನಚರಿಯಾಗಿತ್ತು. ಕಣದಲ್ಲಿ ಕಾಯಿ ಆರಿಸಲು ಕೂರಿಸಿದರೆ ಹಸಿರು ಮಾಸದ ಕಾಯಿಗಳನ್ನೂ ಕೆಂಪು ಕಾಯಿಗಳ ರಾಶಿಗೇ ಎಸೆಯುತ್ತಿದ್ದ. ಅವನ ಪಕ್ಕದಲ್ಲಿ ಕುಳಿತ ಹೆಣ್ಣುಮಕ್ಕಳು ಆ ರಾಶಿಯನ್ನು ಮತ್ತೊಮ್ಮೆ ಆರಿಸಬೇಕಾಗುತ್ತಿತ್ತು. "ಕೈಯಾಗ ಕೆಲಸ ಇದ್ರೂ ಲಕ್ಷ್ಯ ಎಲ್ಲೋ ಇರ್ತೈತಿ ಇವಂದು" ಎಂದು ಅಪ್ಪ ಎಲ್ಲರೆದುರೇ ಬೈಯುತ್ತಿದ್ದರು. ನಾನೂ ಬೈದಿದ್ದೇನೆ.

2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದು ರೈತರು ಸಿಟ್ಟಿಗೆದ್ದಾಗ ನಮ್ಮ ಮಾರುಕಟ್ಟೆಯಲ್ಲಿ ವಾಹನಗಳು ಸುಟ್ಟವು, ಮುಂದಿನ ದಿನಗಳಲ್ಲಿ ಹಲವರ ಬಂಧನವಾಯಿತು. ತಮ್ಮ ಏನೂ ಮಾಡಿರಲಿಲ್ಲ, ಆದರೆ ಗುಂಪಿನಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದ. ಅಂದು ರಾತ್ರಿ ಅಪ್ಪ ನಿದ್ದೆ ಮಾಡಲಿಲ್ಲ. ಹುಡುಗನ ಮೇಲೆ ಒಂದು ಕೇಸು ಬಿದ್ದರೆ ಪೊಲೀಸರಿಂದ ನಡತೆ ಪ್ರಮಾಣಪತ್ರ ಸಿಗುವುದಿಲ್ಲ, ಅದಿಲ್ಲದೆ ಸರ್ಕಾರಿ ಕೆಲಸದ ಆಸೆ ಅಲ್ಲಿಗೇ ಮುಗಿಯಿತು ಎಂಬ ಭಯ ಅವರನ್ನು ಹಿಡಿದಿತ್ತು. ಬೆಳಗಾಗುವಷ್ಟರಲ್ಲಿ ತೀರ್ಮಾನವೂ ಆಗಿತ್ತು: "ಮಿಲಿಟ್ರಿಗೆ ಹಾಕೂಣು. ಅಲ್ಲಿ ಹೋದ್ರ ತಾನಾ ಸುಧಾರಿಸ್ತಾನ." ಹೋಗುವವನನ್ನು ಯಾರೂ ಕೇಳಲಿಲ್ಲ.

ಅಪ್ಪನ ಕಣ್ಣ ಮುಂದಿದ್ದದ್ದು ನಮ್ಮ ಓಣಿಯಲ್ಲಿರುವ, ಮರಾಠಾ ಲಘು ಪದಾತಿ ದಳದಿಂದ ನಿವೃತ್ತರಾದ ಹಿರಿಯರೊಬ್ಬರ ಬದುಕು, ಅಂದರೆ ಪಿಂಚಣಿ, ಕ್ಯಾಂಟೀನ್ ಕಾರ್ಡು ಮತ್ತು ಊರಿನ ಮರ್ಯಾದೆ. ಆ ಹಿರಿಯರೇ ನಮ್ಮನ್ನು ಕೂರಿಸಿಕೊಂಡು ಹೇಳಿದ್ದರು: "ಈಗ ನಮ್ಮ ಕಾಲದ್ಹಾಂಗ ಇಲ್ರಿ. ನಾಕು ವರ್ಷ ಆದ ಮ್ಯಾಗ ನೂರಕ್ಕ ಇಪ್ಪತ್ತೈದು ಮಂದಿನ್ನಷ್ಟ ಇಟ್ಕೋತಾರ." 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸಿಪಾಯಿಯಾಗಿ ಸೇರುವವನು ಅಗ್ನಿವೀರನಾಗಿಯೇ ಸೇರಬೇಕು. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ಸಂಬಳವಿದ್ದರೂ ಅದರಲ್ಲಿ ಶೇಕಡ 30ರಷ್ಟು ನಿಧಿಗೆ ಹೋಗಿ ಕೈಗೆ 21,000 ಬರುತ್ತದೆ. ನಾಲ್ಕನೆಯ ವರ್ಷದ ಸಂಬಳ 40,000. ಹೊರಬರುವಾಗ ಸೇವಾನಿಧಿಯೆಂದು ಸುಮಾರು 11.71 ಲಕ್ಷ ಸಿಗುತ್ತದೆ, ಪಿಂಚಣಿ ಇರುವುದಿಲ್ಲ. ಬೇಸರವಾಯಿತೆಂದು ನಡುವೆ ಬಿಟ್ಟು ಬರಲು ಸಾಮಾನ್ಯವಾಗಿ ಅವಕಾಶವಿಲ್ಲ. ಮನಸ್ಸಿಟ್ಟು ಹೋಗುವ ಹುಡುಗನಿಗೆ ಇದು ಕಡಿಮೆಯ ಅವಕಾಶವೆಂದು ನಾನು ಹೇಳುವುದಿಲ್ಲ. ಆದರೆ ಇಪ್ಪತ್ಮೂರನೆಯ ವಯಸ್ಸಿಗೆ ಮತ್ತೆ ಮನೆಗೆ ಬರಬಹುದಾದ ಮಗನಿಗಾಗಿ ಜೀವನಪೂರ್ತಿಯ ಪಿಂಚಣಿಯ ಲೆಕ್ಕ ಹಾಕಿ ನಾವು ಸಾಲ ಎತ್ತಿದೆವು.

ಪರಿಚಯದವರೊಬ್ಬರು ಧಾರವಾಡದ ಒಂದು ತರಬೇತಿ ಕೇಂದ್ರದ ವಿಳಾಸ ಕೊಟ್ಟರು. ಅಲ್ಲಿಯ ಗೋಡೆಯ ತುಂಬ ಹಾರ ಹಾಕಿಸಿಕೊಂಡ ಹುಡುಗರ ಫೋಟೋಗಳಿದ್ದವು. ತಾನು ಮಾಜಿ ಸೈನಿಕನೆಂದು ಹೇಳಿಕೊಂಡ ವ್ಯಕ್ತಿಯೊಬ್ಬರು ಅಪ್ಪನಿಗೆ ಚಹಾ ತರಿಸಿ, "ಓಟ ಒಂದು ಓಡಲಿ ಸಾಕ್ರಿ ಯಜಮಾನ್ರ, ಉಳಿದದ್ದು ನಮಗ ಬಿಡ್ರಿ. ಬೆಳಗಾವಿ ಆಫೀಸಿನಾಗ ನಮ್ಮವರ ಅದಾರ" ಎಂದರು. ಒಂದು ಲಕ್ಷ ನಗದು, ಎಸ್ಸೆಸ್ಸೆಲ್ಸಿಯ ಮೂಲ ಅಂಕಪಟ್ಟಿ ಮತ್ತು ಸಹಿ ಮಾಡಿದ ಖಾಲಿ ಚೆಕ್ಕು ಅವರ ಕೈಸೇರಿದವು. ಊಟ-ವಸತಿಯ ಹೆಸರಿನಲ್ಲಿ ಮತ್ತೆ 25,000 ರೂಪಾಯಿಯನ್ನು ನಾನು ಫೋನ್‌ಪೇಯಲ್ಲಿ ಕಳಿಸಿದೆ. ರಸೀದಿ ಕೇಳಿದ್ದಕ್ಕೆ, ಇಂಥ ಕೆಲಸಕ್ಕೆ ರಸೀದಿ ಇರುತ್ತದೆಯೇ ಎಂದು ಮೆಲ್ಲಗೆ ಹೇಳಿದರು. ಆ ಮಾತೇ ನಮ್ಮನ್ನು ಎಬ್ಬಿಸಬೇಕಾಗಿತ್ತು.

ಹಾವೇರಿ, ಗದಗ, ಧಾರವಾಡ ಮೂರೂ ಜಿಲ್ಲೆಗಳು ಮಂಗಳೂರಿನ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಗೆ ಬರುತ್ತವೆ, ಬೆಳಗಾವಿಯದಕ್ಕಲ್ಲ. ಇದೊಂದು ಗೊತ್ತಿದ್ದರೆ ಆ ಸುಳ್ಳು ಚಹಾ ಆರುವ ಮೊದಲೇ ಬಯಲಾಗುತ್ತಿತ್ತು. ಅರ್ಜಿಯನ್ನು ಸೇನೆಯ ಜಾಲತಾಣದಲ್ಲಿ ನಾವೇ ತುಂಬಬಹುದು, ಆ ವರ್ಷ ಅದರ ಶುಲ್ಕ 250 ರೂಪಾಯಿ ಇತ್ತು. 2023ರಿಂದ ಮೊದಲು ಕಂಪ್ಯೂಟರಿನಲ್ಲಿ ಲಿಖಿತ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ ರ್‍ಯಾಲಿಯಲ್ಲಿ ದೈಹಿಕ ಪರೀಕ್ಷೆ, ಕೊನೆಗೆ ವೈದ್ಯಕೀಯ ತಪಾಸಣೆ. ಓಟಕ್ಕೆ ಗಡಿಯಾರವೇ ಸಾಕ್ಷಿ. ಇದರಲ್ಲಿ ಧಾರವಾಡದ ಮಧ್ಯವರ್ತಿ ಕೈಯಾಡಿಸಲು ಜಾಗವಾದರೂ ಎಲ್ಲಿದೆ?

ಹಾಗಾದರೆ ಗೋಡೆಯ ಮೇಲಿನ ಫೋಟೋಗಳು ಸುಳ್ಳೇ ಎಂದು ಕೇಳಬಹುದು. ಅವು ನಿಜ, ಮೋಸ ಇರುವುದೂ ಅಲ್ಲಿಯೇ. ಶಿಗ್ಗಾವಿ ಮತ್ತು ಮುಂಡರಗಿ ಕಡೆಯ ಇಬ್ಬರು ಪಾಲಕರ ಜೊತೆ ಕುಳಿತು ಲೆಕ್ಕ ಹಾಕಿದಾಗ ನಮಗೆ ತಿಳಿದದ್ದು ಇಷ್ಟು: ಆ ತಂಡದ ಹದಿನಾಲ್ಕು ಹುಡುಗರಿಂದ ಹಣ ಪಡೆದ ಆ ಮನುಷ್ಯ ಯಾರಿಗಾಗಿಯೂ ಏನನ್ನೂ ಮಾಡಲಿಲ್ಲ. ಮೂವರು ತಮ್ಮ ಕಾಲಬಲದಿಂದಲೇ ಆಯ್ಕೆಯಾದರು. ಅವರ ಹಣ ಅವನದಾಯಿತು, ಅವರ ಫೋಟೋ ಗೋಡೆಗೇರಿತು. ಉಳಿದವರಲ್ಲಿ ಗದ್ದಲ ಮಾಡಿದವರಿಗೆ ಸ್ವಲ್ಪ ಹಿಂದಿರುಗಿಸಿ, ಸುಮ್ಮನಿದ್ದವರದನ್ನು ಉಳಿಸಿಕೊಂಡ. ಆಯ್ಕೆಯಾದವರ ಮನೆಯವರು ಇಂದಿಗೂ ಅವನಿಗೆ ಕೃತಜ್ಞರಾಗಿದ್ದಾರೆ ಮತ್ತು ಹೊಸಬರಿಗೆ ಅವನ ವಿಳಾಸ ಕೊಡುತ್ತಾರೆ.

ತಮ್ಮನ ಬಗ್ಗೆ ಒಂದು ಮಾತನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅವನು ಓಡಿದ. ಹತ್ತಕ್ಕೆ ಏಳುತ್ತಿದ್ದ ಹುಡುಗ ಧಾರವಾಡದಲ್ಲಿ ನಸುಕಿನ ಐದಕ್ಕೆ ಮೈದಾನದಲ್ಲಿರುತ್ತಿದ್ದ. ಮೊದಲು 1.6 ಕಿಲೋಮೀಟರಿಗೆ ಏಳು ನಿಮಿಷ ದಾಟುತ್ತಿದ್ದವನು ಲಿಖಿತ ಪರೀಕ್ಷೆ ಪಾಸಾಗಿ, ರ್‍ಯಾಲಿಯ ದಿನ 5 ನಿಮಿಷ 38 ಸೆಕೆಂಡಿನಲ್ಲಿ ಓಡಿ ಮುಗಿಸಿದ. ಆ ವರ್ಷದ ಮಿತಿ 5 ನಿಮಿಷ 45 ಸೆಕೆಂಡು. ಅಂದು ಸಂಜೆಯೇ ಆ ಮಧ್ಯವರ್ತಿ "ಮೆಡಿಕಲ್ ಸೆಟ್ ಮಾಡಬೇಕು" ಎಂದು ಮತ್ತೆ 75,000 ಕೇಳಿದ. ಗುರಿ ಇಷ್ಟು ಹತ್ತಿರ ಬಂದಿರುವಾಗ ಹಿಂಜರಿಯುವುದು ಬೇಡವೆಂದು ಅವ್ವನ ಸರ ಅಡವಿಟ್ಟು ಕೊಟ್ಟೆವು.

ವೈದ್ಯಕೀಯ ತಪಾಸಣೆಯ ದಿನ ತಮ್ಮನ ಫೋನು ಬಂತು. "ಅಣ್ಣಾ, ಎಲ್ಲಾರಿಗೂ ಒಂದು ಪುಸ್ತಕ ತೋರಿಸಿದ್ರು, ಅದರಾಗ ಅಂಕಿ ಓದು ಅಂದ್ರು. ನನಗ ಅಂಕಿನಾ ಕಾಣಲಿಲ್ಲ. ಬರೇ ಚುಕ್ಕಿ ಇದ್ದುವು." ನನಗೆ ಆಗ ಅರ್ಥವಾಗಲಿಲ್ಲ. ಅವನಿಗೆ ಕೆಂಪು ಮತ್ತು ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ಅದು ಹುಟ್ಟಿನಿಂದ ಬಂದದ್ದು, ಅದಕ್ಕೆ ಚಿಕಿತ್ಸೆ ಇಲ್ಲ, ಮತ್ತು ಸೈನ್ಯದಲ್ಲಿ ಆ ಎರಡು ಬಣ್ಣಗಳನ್ನು ಗುರುತಿಸಲೇಬೇಕು. ಮಧ್ಯವರ್ತಿ ಮಾತ್ರ ಮರುಪರೀಕ್ಷೆಯಲ್ಲಿ ಸರಿಮಾಡಿಸುತ್ತೇನೆಂದು ಇನ್ನೂ ಒಂದೂವರೆ ಲಕ್ಷ ಕೇಳಿದ. ನಮ್ಮಲ್ಲಿ ಇಲ್ಲವೆಂದ ಮೇಲೆ ಫೋನು ಎತ್ತುವುದನ್ನೇ ಬಿಟ್ಟ. ಮರುಪರೀಕ್ಷೆಗೆ ಅವಕಾಶವಿದ್ದರೆ ಅದನ್ನು ಅಲ್ಲಿಯ ವೈದ್ಯರೇ ಹುಡುಗನಿಗೆ ತಿಳಿಸುತ್ತಾರೆ, ನಡುವೆ ಮೂರನೆಯವರು ಬೇಕಾಗುವುದಿಲ್ಲ.

ಆ ಚುಕ್ಕಿಗಳ ಪುಸ್ತಕ ಯಾವ ಕಣ್ಣಿನ ಆಸ್ಪತ್ರೆಯಲ್ಲಾದರೂ ಇರುತ್ತದೆ, ನೋಡಲು ಐದು ನಿಮಿಷ ಸಾಕು. ನಿಮ್ಮ ಮಗ ಸೈನ್ಯಕ್ಕೆ ಹೋಗುತ್ತೇನೆಂದರೆ ಮೈದಾನಕ್ಕೆ ಇಳಿಸುವ ಮೊದಲೇ ಬಣ್ಣದ ದೃಷ್ಟಿ, ಚಪ್ಪಟೆ ಪಾದ, ನಿಂತಾಗ ಒಂದಕ್ಕೊಂದು ತಾಗುವ ಮೊಣಕಾಲು, ಕಿವಿ, ಇವಿಷ್ಟನ್ನು ವೈದ್ಯರಿಗೆ ತೋರಿಸಿ. ಹಚ್ಚೆ ಹಾಕಿಸಿಕೊಂಡಿದ್ದರೆ ಅದರ ನಿಯಮವನ್ನೂ ಅಧಿಸೂಚನೆಯಲ್ಲಿ ಓದಿಕೊಳ್ಳಿ. ನಾವು ಇದನ್ನು ಮಾಡಿದ್ದರೆ ಅವನು ಆ ಹಗಲು ರಾತ್ರಿಗಳನ್ನು ತನಗೆ ದಕ್ಕುವ ಬೇರೆ ಪರೀಕ್ಷೆಗೆ ಕೊಡಬಹುದಾಗಿತ್ತು. ಕಣದ ವಿಷಯ ಅಪ್ಪನಿಗೆ ಹೊಳೆದದ್ದು ಅದಾಗಿ ನಾಲ್ಕಾರು ದಿನಕ್ಕೆ. ಹಸಿರು ಮಾಸದ ಒಂದು ಹಿಡಿ ಕಾಯಿ ತಂದು, ಕೆಂಪು ಕಾಯಿಗಳ ಜೊತೆ ಬೆರೆಸಿ, ತಮ್ಮನ ಮುಂದೆ ಹರವಿ, "ಯಾವುವು ಬ್ಯಾರೆ ಅದಾವು, ತೋರಸಪಾ" ಎಂದು ಬೇಡುವ ದನಿಯಲ್ಲಿ ಕೇಳಿದರು. ಅವನು ಬಹಳ ಹೊತ್ತು ನೋಡಿ, ಮುಟ್ಟಿ, ಗಟ್ಟಿ ಮೆತ್ತಗೆ ತಿಳಿದು ಮೂರು ಕಾಯಿ ಎತ್ತಿಕೊಟ್ಟ. ಅದರಲ್ಲಿ ಎರಡು ಕೆಂಪಾಗಿದ್ದವು.

ಠಾಣೆಗೆ ಹೋದಾಗ ಅಧಿಕಾರಿ ಮೊದಲು ಕೇಳಿದ್ದು, ನೀವು ಲಂಚ ಕೊಡಲು ಹೋಗಿದ್ದಿರಾ ಎಂದು. ಆ ಪ್ರಶ್ನೆ ನ್ಯಾಯವಾದದ್ದೇ, ತಲೆ ತಗ್ಗಿಸಿ ಹೌದೆಂದೆವು. ನಗದು ಕೊಟ್ಟದ್ದಕ್ಕೆ ಪುರಾವೆ ಇಲ್ಲ; ದೂರಿನಲ್ಲಿ ಗಟ್ಟಿಯಾಗಿ ನಿಂತಿರುವುದು ನಾನು ಫೋನ್‌ಪೇಯಲ್ಲಿ ಕಳಿಸಿದ 25,000 ಮಾತ್ರ. ಈಗಾಗಲೇ ಸಿಕ್ಕಿಕೊಂಡವರು ವಾಟ್ಸಾಪ್ ಸಂದೇಶ, ಧ್ವನಿಮುದ್ರಣ, ಪಾವತಿಯ ದಾಖಲೆ ಯಾವುದನ್ನೂ ಅಳಿಸಬೇಡಿ. ಹಣ ಆನ್‌ಲೈನಿನಲ್ಲಿ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಖಾಲಿ ಚೆಕ್ಕು ಕೊಟ್ಟಿದ್ದರೆ ಅದಕ್ಕೆ ಹಣ ಪಾವತಿಸದಂತೆ ಬ್ಯಾಂಕಿಗೆ ಇಂದೇ ಬರೆದುಕೊಡಿ. ಅಂಕಪಟ್ಟಿಗಾಗಿ ಅವರ ಬಾಗಿಲಲ್ಲಿ ನಿಂತು ಬೇಡಿಕೊಳ್ಳುವ ಅಗತ್ಯವಿಲ್ಲ, ಹುಡುಗ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಅರ್ಜಿ ಹಾಕಿದರೆ ನಕಲು ಪ್ರತಿ ಸಿಗುತ್ತದೆ. ನಮಗೂ ಹಾಗೆಯೇ ಸಿಕ್ಕಿತು, ಅದನ್ನೇ ಇಟ್ಟುಕೊಂಡು ತಮ್ಮ ಉಳಿದ ಎರಡು ವಿಷಯಗಳಿಗೆ ಮತ್ತೆ ಪರೀಕ್ಷೆ ಕಟ್ಟಿದ್ದಾನೆ. ದೂರು ಇನ್ನೂ ತನಿಖೆಯಲ್ಲಿದೆ, ಆ ತರಬೇತಿ ಕೇಂದ್ರದ ಹೊರಗೆ ಹೊಸ ತಂಡಕ್ಕೆ ಪ್ರವೇಶ ಆರಂಭವಾಗಿದೆ ಎಂಬ ಫಲಕ ಹೋದ ವಾರವೂ ಕಟ್ಟಿತ್ತು.