ರೋಬೋಟ್ ಹಿಂಡಿಗೆ ಹಕ್ಕಿಯ ನಿಯಮವೋ, ಇರುವೆಯ ನಿಯಮವೋ?

ನಾಯಕನೂ ಇಲ್ಲದೆ, ಕೇಂದ್ರದಿಂದ ಆದೇಶವೂ ಬಾರದೆ ಪುಟ್ಟ ರೋಬೋಟ್‌ಗಳು ಒಟ್ಟಾಗಿ ನಡೆಯಲು ಯಾವ ಜೀವಿಯ ನಿಯಮ ಹೆಚ್ಚು ಒದಗುತ್ತದೆ ಎಂದು ತಿಳಿಯಲು, ಹಕ್ಕಿ ಹಿಂಡಿನ ಎರಡು ನಿಯಮಗಳನ್ನೂ ಇರುವೆಗಳ ಒಂದು ನಿಯಮವನ್ನೂ ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲಿ ಒಂದೇ ಬಗೆಯ ಅಡೆತಡೆಗಳ ನಡುವೆ ಓಡಿಸಿ ನೋಡಿದೆ.

ಮೊದಲನೆಯದು 1987ರಲ್ಲಿ ಕ್ರೇಗ್ ರೆನಾಲ್ಡ್ಸ್ ಮಂಡಿಸಿದ ‘ಬಾಯ್ಡ್ಸ್’ ಮಾದರಿ. ಡಿಕ್ಕಿ ತಪ್ಪಿಸುವುದು, ನೆರೆಯವರ ದಿಕ್ಕಿಗೆ ಹೊರಳುವುದು, ಗುಂಪಿನ ನಡುವಿಗೆ ಸರಿಯುವುದು, ಇಷ್ಟೇ ಅದರ ಸೂತ್ರ. ನಾನು ನಿಗದಿತ ದೂರದೊಳಗಿನ ಎಲ್ಲರನ್ನೂ ನೆರೆಯವರೆಂದು ಎಣಿಸಿದೆ. ಬಯಲಿನಲ್ಲಿ ಹಿಂಡು ಸೊಗಸಾಗಿ ಸಾಗಿತು. ಆದರೆ ಅಗಲವಾದ ಗೋಡೆ ಎದುರಾದಾಗ ಅದು ಎರಡಾಗಿ ಒಡೆಯಿತು. ನಡುವಿನ ಅಂತರ ಆ ದೂರವನ್ನು ಮೀರಿದ ಮೇಲೆ ಎರಡು ಗುಂಪುಗಳೂ ತಮ್ಮ ಪಾಡಿಗೆ ಹೋದವು. ದೂರವನ್ನು ಹಿಗ್ಗಿಸಿದರೆ, ದಟ್ಟಣೆಯಲ್ಲಿ ಪ್ರತಿ ರೋಬೋಟ್ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ನೆರೆಯವರು ವಿಪರೀತವಾಗುತ್ತಾರೆ.

ಎರಡನೆಯದನ್ನು ಕಲಿಸಿದವು ರೋಮ್ ನಗರದ ಸ್ಟಾರ್ಲಿಂಗ್ ಹಕ್ಕಿಗಳು. ಪ್ರತಿ ಹಕ್ಕಿಯೂ ದೂರವನ್ನು ಲೆಕ್ಕಿಸದೆ ಅತಿ ಹತ್ತಿರದ ಸುಮಾರು ಆರೇಳು ಹಕ್ಕಿಗಳಿಗೆ ಸ್ಪಂದಿಸುತ್ತದೆ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಈ ನಿಯಮದಲ್ಲಿ, ಗೋಡೆಯ ಆಚೆ ಉಳಿದ ಮೂರು ರೋಬೋಟ್‌ಗಳು ಏಳರ ಲೆಕ್ಕ ತುಂಬಿಸಲು ದೊಡ್ಡ ಗುಂಪಿನ ಕಡೆಗೇ ನೋಡಬೇಕಾಯಿತು. ಗೋಡೆ ಮುಗಿಯುತ್ತಿದ್ದಂತೆ ಓರೆಯಾಗಿ ಹೊರಳಿ ಹಿಂಡನ್ನು ಸೇರಿಕೊಂಡವು. ನನಗೆ ಅತ್ಯಂತ ಮೆಚ್ಚುಗೆಯಾದ ನಡೆ ಇದು. ಬೇರ್ಪಟ್ಟ ಗುಂಪಿನಲ್ಲಿ ಎಂಟು ಅಥವಾ ಅದಕ್ಕಿಂತ ಹೆಚ್ಚು ರೋಬೋಟ್‌ಗಳಿದ್ದರೆ ಮಾತ್ರ ಈ ಸೆಳೆತ ಖಚಿತವಲ್ಲ, ಏಕೆಂದರೆ ಅವುಗಳಿಗೆ ಬೇಕಾದ ನೆರೆಯವರು ತಮ್ಮೊಳಗೇ ಸಿಕ್ಕಿಬಿಡುತ್ತಾರೆ. ಜೊತೆಗೆ, ಸಿಮ್ಯುಲೇಶನ್ನಿನ ರೋಬೋಟ್‌ಗೆ ಗೋಡೆಯಾಚೆಯದೂ ಕಾಣುತ್ತದೆ. ನಿಜವಾದ ಕ್ಯಾಮೆರಾಕ್ಕೆ ಕಾಣುವುದಿಲ್ಲ.

ಇರುವೆಗಳ ನಿಯಮವೇ ಬೇರೆ. ಅಲ್ಲಿ ನೆರೆಯವರನ್ನು ನೋಡುವ ಅಗತ್ಯವೇ ಇಲ್ಲ. ನೆಲದಲ್ಲಿ ಬಿಟ್ಟ, ಕ್ರಮೇಣ ಆರಿಹೋಗುವ ವಾಸನೆಯ ಗುರುತೇ ಸಂದೇಶ. ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಸರಕು ಸಾಗಿಸುವ ಕೆಲಸದಲ್ಲಿ ಉಳಿದೆರಡು ನಿಯಮಗಳು ಇದರ ಹತ್ತಿರವೂ ಬರಲಿಲ್ಲ. ಗುರುತು ಬೇಗ ಆರಿದರೆ ದಾರಿ ತಪ್ಪುತ್ತದೆ, ತಡವಾಗಿ ಆರಿದರೆ ಸರಕು ಮುಗಿದ ಜಾಗಕ್ಕೂ ರೋಬೋಟ್‌ಗಳು ಹೋಗುತ್ತಲೇ ಇರುತ್ತವೆ.

ಯಂತ್ರದ ಮಿತಿಯನ್ನೂ ಗಮನಿಸಬೇಕು. 2014ರಲ್ಲಿ ಹಾರ್ವರ್ಡ್ ಸಂಶೋಧಕರು ಒಟ್ಟಿಗೆ ನಡೆಸಿದ ‘ಕಿಲೋಬಾಟ್’ ಎಂಬ 1,024 ಪುಟ್ಟ ರೋಬೋಟ್‌ಗಳು ನೆರೆಯವರ ದೂರವನ್ನು ಅಳೆಯಬಲ್ಲವು, ದಿಕ್ಕನ್ನಲ್ಲ. ಅಂಥವಕ್ಕೆ ಹಕ್ಕಿಯ ನಿಯಮವನ್ನು ನೇರವಾಗಿ ತೊಡಿಸಲಾಗದು. ಸುತ್ತ ನೋಡಬಲ್ಲ ಡ್ರೋನ್‌ಗಳಿಗೆ ನಾನು ಸ್ಟಾರ್ಲಿಂಗ್ ನಿಯಮವನ್ನೇ ಆರಿಸುತ್ತೇನೆ, ಗೋದಾಮಿನ ನೆಲದ ಮೇಲೆ ಓಡಾಡುವ ರೋಬೋಟ್‌ಗಳಿಗೆ ಇರುವೆಯದನ್ನು.