ಪರ್ಸಿ ಸ್ಲೆಡ್ಜ್‌ನ ಒಂದೇ ಹಾಡು, ನಾಲ್ಕು ಸಲ ದುಡ್ಡು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಏಳಿಂಚಿನ ಹಳೇ 45ಕ್ಕೆ, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ, ಬದಿಗೊಂದೇ ಹಾಡಿನ ಪುಟ್ಟ ರೆಕಾರ್ಡಿಗೆ. ಅಟ್ಲಾಂಟಿಕ್ ಕಂಪನಿಯದು, ನಂಬರು 2326, ಕೆಂಪು-ಕಪ್ಪು ಲೇಬಲ್ಲು, 1966. ಹಾಡು, ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಗಾಯಕ ಪರ್ಸಿ ಸ್ಲೆಡ್ಜ್ ಹಾಡಿದ ‘ವೆನ್ ಎ ಮ್ಯಾನ್ ಲವ್ಸ್ ಎ ವುಮನ್’. ಇದಕ್ಕಿಂತ ಮುಂಚೆ ಇದೇ ಹಾಡನ್ನು ಕ್ಯಾಸೆಟ್ಟಿನಲ್ಲಿ ಕೊಂಡಿದ್ದೆ, ಡಬಲ್ ಎಲ್‌ಪಿಯಲ್ಲಿ ಕೊಂಡಿದ್ದೆ. ಆಮೇಲೆ ಸಿಡಿಯನ್ನೂ ಕೊಂಡೆ. ಇಷ್ಟರಲ್ಲಿ ಒಂದು ಸಲ ಸರಿಯಾಗಿ ಟೋಪಿ ಬಿತ್ತು, ಅದರಿಂದಲೇ ಈ ಬರಹ.

ಟೋಪಿ ಬಿದ್ದದ್ದು ಡಬಲ್ ಎಲ್‌ಪಿಯಲ್ಲಿ. ಬೆಂಗಳೂರಿಗೆ ಒಂದು ಮದುವೆಗೆ ಹೋಗಿದ್ದೆ. ಮುಹೂರ್ತಕ್ಕೂ ಊಟಕ್ಕೂ ನಡುವೆ ಒಂದೂವರೆ ಗಂಟೆ ಸಿಕ್ಕಿತು, ರೇಷ್ಮೆ ಪಂಚೆಯಲ್ಲೇ ಒಂದು ರೆಕಾರ್ಡ್ ಅಂಗಡಿಗೆ ನುಗ್ಗಿದೆ. ಅರವತ್ತರ ದಶಕದ ಸೋಲ್ ಹಾಡುಗಳು, ಹೊಸದಾಗಿ ಅಚ್ಚು ಹಾಕಿದ ತಟ್ಟೆಗಳು, ಫಳಫಳ ಹೊಳೆಯುವ ಕವರು, 1,800 ರೂಪಾಯಿ. ಹಿಂದೆ ತಿರುಗಿಸಿದರೆ ಎರಡನೇ ಸಾಲಿನಲ್ಲೇ ಸ್ಲೆಡ್ಜ್. “ಒರಿಜಿನಲ್ಲಾ ಇದು?” ಎಂದು ಕೇಳಿದೆ. “ಒರಿಜಿನಲ್ಲೇ ಸಾರ್. ಅವನೇ ಹಾಡಿರೋದು” ಎಂದ ಹುಡುಗ.

ಅವನು ಹೇಳಿದ್ದು ಸುಳ್ಳಲ್ಲ. ಹಾಡಿರುವುದು ಸ್ಲೆಡ್ಜೇ. ಆದರೆ 1966ರಲ್ಲಿ ಅಲ್ಲ. ಮೈಸೂರಿಗೆ ಬಂದು ಮುಳ್ಳು ಇಟ್ಟ ಎರಡನೇ ಸೆಕೆಂಡಿಗೇ ಗೊತ್ತಾಯಿತು. ಮೂಲದಲ್ಲಿ ಹಾಡು ಶುರುವಾಗುವುದು ಫರ್ಫೀಸಾ ಆರ್ಗನ್‌ನಿಂದ. ಸ್ಪೂನರ್ ಓಲ್ಡಮ್ ನುಡಿಸಿದ್ದು. ತೆಳುವಾದ ದನಿ, ಸ್ವಲ್ಪ ಮೂಗಿನದು, ಪುಟ್ಟ ಊರಿನ ಚರ್ಚಿನಲ್ಲಿ ಯಾರೋ ಒಬ್ಬರೇ ಕೂತು ನುಡಿಸಿದ ಹಾಗೆ. ಇಲ್ಲಿ ಅದರ ಜಾಗದಲ್ಲಿ ನುಣ್ಣನೆಯ ಎಲೆಕ್ಟ್ರಾನಿಕ್ ಕೀಬೋರ್ಡು. ಸ್ಲೆಡ್ಜ್ ಬಾಯಿ ತೆರೆದ ಮೇಲಂತೂ ಅನುಮಾನವೇ ಉಳಿಯಲಿಲ್ಲ. ಮೂಲದಲ್ಲಿ ಮೊದಲ ಪದವನ್ನೇ ಮೇಲಿನಿಂದ ಹಿಡಿಯುತ್ತಾನೆ, ಇನ್ನು ಸ್ವಲ್ಪ ಎಳೆದರೆ ಹರಿದೇ ಹೋಗುತ್ತದೇನೋ ಅನ್ನಿಸುವಷ್ಟು. ಇಲ್ಲಿ ಹಾಡುತ್ತಿದ್ದದ್ದು ಹಾಡು ಬಾಯಿಪಾಠವಾಗಿ ಹೋದವನ ದನಿ. ಎಲ್ಲಿ ಚಪ್ಪಾಳೆ ಬರುತ್ತದೆ ಅಂತ ಅದಕ್ಕೆ ಗೊತ್ತು.

ಈ ತಾಪತ್ರಯ ಸ್ಲೆಡ್ಜ್ ಒಬ್ಬನದಲ್ಲ, ಆ ಕಾಲದ ಗಾಯಕರಲ್ಲಿ ಬಹಳ ಜನರದು. ಮೂಲ ಟೇಪು ಇರುವುದು ಮೊದಲ ಕಂಪನಿಯ ಹತ್ತಿರ, ಬೇರೆಯವರು ಅದನ್ನು ಬಳಸಬೇಕೆಂದರೆ ಕಾಸು ಬಿಚ್ಚಬೇಕು. ಅದರ ಬದಲು ಅಗ್ಗದ ಸಂಕಲನ ಮಾಡುವವರು ಅದೇ ಗಾಯಕನನ್ನು ಕರೆಸಿ, ಅದೇ ಹಾಡನ್ನು ಹೊಸದಾಗಿ ಹಾಡಿಸಿ ಮಾರುತ್ತಾರೆ. ಗಾಯಕನಿಗೂ ನಾಲ್ಕು ಕಾಸು ಆಗುತ್ತದೆ. ಸ್ಲೆಡ್ಜ್‌ನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಮನಸ್ಸಿಲ್ಲ. ಈ ಹಾಡು ಬರೆದವರು ಅಂತ ಲೇಬಲ್ಲಿನ ಮೇಲಿರುವುದು ಕ್ಯಾಲ್ವಿನ್ ಲೂಯಿಸ್ ಮತ್ತು ಆಂಡ್ರ್ಯೂ ರೈಟ್ ಹೆಸರು, ಅವನ ವಾದ್ಯಮೇಳದ ಇಬ್ಬರು. ಬರೆದ ಹಕ್ಕನ್ನು ಅವರಿಗೆ ಸ್ಲೆಡ್ಜೇ ಬಿಟ್ಟುಕೊಟ್ಟದ್ದು. ತಾನು ಮಾಡಿದ ಅತಿ ಕೆಟ್ಟ ತೀರ್ಮಾನ ಅದು ಅಂತ ಆಮೇಲೆ ಅವನೇ ಹೇಳಿಕೊಂಡ. ಆದರೂ ಅವರ ಮೇಲೆ ಕಹಿ ಇಲ್ಲ ಎಂದ. ಇಷ್ಟು ದೊಡ್ಡ ಹಾಡಿನ ಬರಹದ ಪಾಲು ಕೈತಪ್ಪಿದವನು ಅದನ್ನೇ ಇನ್ನೊಂದು ಸಲ ಹಾಡಿ ದುಡಿದರೆ ತಪ್ಪೇನು?

ನನ್ನ ಸಿಟ್ಟು ಆ ಕವರಿನ ಮೇಲೆ. ಮನೆಗೆ ಬಂದು ಭೂತಗನ್ನಡಿ ಹಿಡಿದಾಗ ಕೆಳಗಿನ ಮೂಲೆಯಲ್ಲಿ, ಬಾರ್‌ಕೋಡಿನ ಪಕ್ಕ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಸಿಕ್ಕಿತು: ‘ಮೂಲ ಕಲಾವಿದರಿಂದ ಮರುಧ್ವನಿಮುದ್ರಣ’. ಕೊಳ್ಳುವವರು ಮೊದಲು ನೋಡಬೇಕಾದ ಸಾಲು ಇದೇ. ಇದಿಲ್ಲದಿದ್ದರೆ ‘ಅಟ್ಲಾಂಟಿಕ್’ ಹೆಸರು ಎಲ್ಲಾದರೂ ಇದೆಯಾ ನೋಡಿ. ಅದೂ ಇಲ್ಲ ಎಂದರೆ ಕವರನ್ನು ಮೆಲ್ಲಗೆ ವಾಪಸ್ ಇಟ್ಟು ಮದುವೆ ಊಟಕ್ಕೆ ಹೋಗಿ. ಮೊಬೈಲಿನಲ್ಲಿ ಕೇಳುವವರಿಗೂ ಇದೇ ಗೋಳು. ಹುಡುಕಿದರೆ ಒಂದೇ ಹೆಸರಿನ ಹತ್ತಾರು ಬರುತ್ತವೆ, ಬಹುಪಾಲು ಇಂಥವೇ.

ಕ್ಯಾಸೆಟ್ಟಿನ ವಿಷಯ ಬೇಗ ಮುಗಿಸುತ್ತೇನೆ. ಅದು ಪಾಪ್ ಗಾಯಕ ಮೈಕೆಲ್ ಬೋಲ್ಟನ್ ಹಾಡಿದ್ದು, 1991ರದು. ಅಮೆರಿಕದಲ್ಲಿ ನಂಬರ್ 1 ಆಯಿತು, ಗ್ರಾಮಿಯನ್ನೂ ಗಳಿಸಿತು. ಕಾಲೇಜಿನಲ್ಲಿದ್ದಾಗ ನನಗೆ ಈ ಹಾಡು ಪರಿಚಯವಾದದ್ದೇ ಅವನಿಂದ, ಹಾಗಾಗಿ ಬೈಯುವ ಹಕ್ಕು ನನಗಿಲ್ಲ. ಮೊದಲ ಸಾಲಿನಿಂದಲೇ ಪಂಚಮದಲ್ಲಿ ಕಿರುಚುತ್ತಾನೆ, ಅಷ್ಟೇ.

ಈಗ 45ರ ಕತೆ. ಅಕ್ಕನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿ ಹಳೇ ಸಾಮಾನಿನ ಅಂಗಡಿಯಲ್ಲಿ ಐದು ಡಾಲರಿಗೆ ಸಿಕ್ಕಿತಂತೆ. ಅಗ್ಗ ಏಕೆಂದರೆ ಅಷ್ಟೊಂದು ಮಾರಾಟವಾಗಿತ್ತು. 1966ರ ಮೇ ಕೊನೆಯಿಂದ ಎರಡು ವಾರ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಂಬರ್ 1 ಇತ್ತು. ಅಟ್ಲಾಂಟಿಕ್‌ಗೆ ಬಂದ ಮೊದಲ ಗೋಲ್ಡ್ ಡಿಸ್ಕೂ ಇದೇ, ಆಗಿನ ಲೆಕ್ಕದಲ್ಲಿ ಗೋಲ್ಡ್ ಎಂದರೆ 10 ಲಕ್ಷ ಪ್ರತಿ.

ಆದರೆ ಅಮೆರಿಕದ 45ಗಳಿಗೆ ನಡುವೆ ದೊಡ್ಡ ತೂತು. ನಮ್ಮ ಟರ್ನ್‌ಟೇಬಲ್ಲಿನ ಕಡ್ಡಿಗೆ ಕೂರಬೇಕೆಂದರೆ ಅಡಾಪ್ಟರ್ ಬೇಕು. ನನ್ನದು ಮನೆ ಬದಲಿಸಿದಾಗ ಕಳೆದಿತ್ತು. ತಾಳ್ಮೆಯಿಲ್ಲದೆ ಹಳೇ ಹವಾಯಿ ಚಪ್ಪಲಿಯ ರಬ್ಬರನ್ನು ದುಂಡಗೆ ಕತ್ತರಿಸಿ, ನಡುವೆ ದಬ್ಬಳದಲ್ಲಿ ತೂತು ಮಾಡಿ ಕೂರಿಸಿದೆ. ಕೂತಿತು. ಹಾಡಿತು. ಅಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಲವತ್ತು ವರ್ಷ ಬೀದಿಯ ಮಕ್ಕಳಿಗೆಲ್ಲ ಸರಳೆ-ಜಂಟಿ ಹೇಳಿಕೊಟ್ಟ ಕಿವಿ ಅದು. ಹಾಡಿನ ಕೊನೆಯ ಭಾಗದಲ್ಲಿ ಕಹಳೆಯಂಥ ಊದುವ ವಾದ್ಯಗಳು, ಅಂದರೆ ಹಾರ್ನ್‌ಗಳು ಸೇರಿಕೊಂಡವು ನೋಡಿ, ಅವಳ ಕೈ ನಿಂತಿತು. ಅರ್ಧ ಬಿಡಿಸಿದ ಕಾಯಿ ಹೆಬ್ಬೆರಳಿನಲ್ಲೇ ಇತ್ತು.

“ಆ ಕಹಳೆಯವರು ಶ್ರುತಿ ಸೇರಿಸ್ಕೊಂಡೇ ಇಲ್ವಲ್ಲೋ!”

ನನಗೆ ಚಪ್ಪಲಿಯ ಮೇಲೆ ಅನುಮಾನ. ತೂತು ಸರಿಯಾಗಿ ನಡುವಿಗೆ ಬೀಳದಿದ್ದರೆ ತಟ್ಟೆ ಓಲಾಡುತ್ತದೆ, ಪ್ರತಿ ಸುತ್ತಿಗೂ ಸ್ವರ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಆರ್ಗನ್ ಕೂಡ ಜೋಲಿ ಹೊಡೆಯುತ್ತಿತ್ತು ಅನ್ನಿ. “ರಬ್ಬರಿನ ದೋಷ ಅಮ್ಮಾ” ಎಂದೆ. “ಅದು ಬೇರೆ, ಇದು ಬೇರೆ ಕಣೋ” ಎಂದು ಮತ್ತೆ ಸುಲಿಯಲು ಶುರುಮಾಡಿದಳು. ಸರಿ, 150 ರೂಪಾಯಿ ಕೊಟ್ಟು ಪ್ಲಾಸ್ಟಿಕ್ ಅಡಾಪ್ಟರ್ ತರಿಸಿದೆ. ಒಂದು ವಾರ ಕಾದೆ. ಈಗ ಆರ್ಗನ್ ಗೋಡೆಯ ಹಾಗೆ ನಿಂತಿತು, ಸ್ಲೆಡ್ಜ್‌ನ ದನಿಯೂ ನಿಂತಿತು. ಹಾರ್ನ್‌ಗಳು ಮಾತ್ರ ಮೊದಲಿನ ಹಾಗೇ. ಅಮ್ಮ ಗೆದ್ದಳು.

ಅವಳು ಹಿಡಿದ ಆ ಅಪಶ್ರುತಿಗೆ ಒಂದು ಕತೆಯೇ ಇದೆ. ಧ್ವನಿಮುದ್ರಣ ನಡೆದದ್ದು ಅಲಬಾಮಾದ ಶೆಫೀಲ್ಡ್ ಎಂಬ ಊರಿನಲ್ಲಿ, ನೊರಾಲಾ ಸ್ಟುಡಿಯೋದಲ್ಲಿ. ಅದರ ಯಜಮಾನ ಕ್ವಿನ್ ಐವಿ ರೇಡಿಯೋದಲ್ಲಿ ರೆಕಾರ್ಡು ಹಾಕುತ್ತಿದ್ದವನು, ಊರಿನಲ್ಲಿ ರೆಕಾರ್ಡ್ ಅಂಗಡಿಯೂ ಇತ್ತು. ಸ್ಲೆಡ್ಜ್ ಆಗ ಆಸ್ಪತ್ರೆಯಲ್ಲಿ ಆರ್ಡರ್ಲಿ, ವಾರದ ಕೊನೆಗೆ ಪಾರ್ಟಿಗಳಲ್ಲಿ ಹಾಡುವುದು. ಹುಡುಗಿ ಬಿಟ್ಟು ಹೋದ ಸಂಕಟದಲ್ಲಿ ಹುಟ್ಟಿದ ಹಾಡು ಇದು ಅಂತ ಅವನೇ ಹೇಳಿಕೊಂಡಿದ್ದಾನೆ. ಮೊದಲು ‘ಯಾಕೆ ಬಿಟ್ಟುಹೋದೆ’ ಎಂಬ ಅರ್ಥದ ಸಾಲಾಗಿತ್ತಂತೆ. ಟೇಪು ನ್ಯೂಯಾರ್ಕಿಗೆ ಹೋಯಿತು. ಅಟ್ಲಾಂಟಿಕ್‌ನ ಜೆರಿ ವೆಕ್ಸ್ಲರ್‌ಗೆ ಹಾಡು ಹಿಡಿಸಿತು, ಆದರೆ ಹಾರ್ನ್‌ಗಳ ಶ್ರುತಿ ಸರಿಯಿಲ್ಲ, ಮತ್ತೆ ನುಡಿಸಿ ಎಂದ. ಅಮ್ಮ ಹೇಳಿದ್ದೇ! ಮುಂದಿನದನ್ನು ಶೆಫೀಲ್ಡ್ ಕಡೆಯ ಬಾಸ್ ಗಿಟಾರ್ ವಾದಕ ಡೇವಿಡ್ ಹುಡ್ ಹೇಳಿದ್ದಾನೆ. ಬೇರೆ ವಾದಕರನ್ನು ಕರೆಸಿ ಸರಿಮಾಡಿದರಂತೆ, ಆಮೇಲೆ ಟೇಪುಗಳು ಅದಲುಬದಲಾಗಿ ಕಂಪನಿ ಹೊರಗೆ ಬಿಟ್ಟದ್ದು ಹಳೆಯದನ್ನೇ. ಶೆಫೀಲ್ಡ್ ಪಕ್ಕದ ಮಸಲ್ ಶೋಲ್ಸ್ ಊರಿನ ಸುತ್ತಿನ ಸ್ಟುಡಿಯೋಗಳಿಂದ ಹೊರಟು ಅಮೆರಿಕದಲ್ಲಿ ನಂಬರ್ 1 ಆದ ಮೊದಲ ಹಾಡು ಈ ಶ್ರುತಿ ಸೇರದ್ದು.

ಆ ಮೇಲೆ ಅಮ್ಮನಿಗೆ ಡಬಲ್ ಎಲ್‌ಪಿಯನ್ನೂ ಕೇಳಿಸಿದೆ, ಪರೀಕ್ಷೆಗೆ. ಪೂರ್ತಿ ಕೇಳಿ “ಇದು ಶ್ರುತಿಶುದ್ಧವಾಗಿದೆ” ಎಂದಳು. ಅಷ್ಟೂ ಹೊತ್ತು ಕೈ ಒಮ್ಮೆಯೂ ನಿಲ್ಲಲಿಲ್ಲ, ಅವರೆಕಾಳು ಒಂದು ಬಟ್ಟಲು ಆಗಿತ್ತು.

ಸಿಡಿ ಕೊಂಡದ್ದು ಕೊನೆಗೆ. 1992ರಲ್ಲಿ ರೈನೋ ಕಂಪನಿ ತಂದ ಸಂಕಲನ, ‘ಇಟ್ ಟೇರ್ಸ್ ಮಿ ಅಪ್’. ಸೆಕೆಂಡ್ ಹ್ಯಾಂಡ್, 600 ರೂಪಾಯಿ. ಇದರಲ್ಲಿರುವುದು ಮೂಲವೇ, ಕಹಳೆ ಸಮೇತ. ಸ್ಲೆಡ್ಜ್‌ನ ಬೇರೆ ಒಳ್ಳೆಯ ಹಾಡುಗಳೂ ಸಿಗುತ್ತವೆ. ಚಿಟಪಟ ಸದ್ದಿಲ್ಲ, ಅಡಾಪ್ಟರ್ ರಗಳೆ ಇಲ್ಲ. ಯಾರಾದರೂ ಕೇಳಿದರೆ ಇದನ್ನೇ ಕೊಳ್ಳಿ ಎನ್ನುತ್ತೇನೆ, ಬುದ್ಧಿ ಇರುವವರು ಅಲ್ಲಿಗೇ ನಿಲ್ಲಬೇಕು.

ನಾನು ಮಾತ್ರ 45 ಹಾಕುತ್ತೇನೆ. ನನ್ನ ಅಭ್ಯಾಸ ಹಾಗಿದೆ: ರಾತ್ರಿ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಒಂದೇ ಒಂದು ಹಾಡು. ಸಿಡಿ ಹಾಕಿದರೆ ಎರಡನೆಯದು ತಾನಾಗಿ ಶುರುವಾಗುತ್ತದೆ, ಮೂರನೆಯದಕ್ಕೆ ತೂಕಡಿಕೆ ಬರುತ್ತದೆ. 45 ಮೂರು ನಿಮಿಷದೊಳಗೆ ಮುಗಿಯುತ್ತದೆ, ಎದ್ದು ಹೋಗಿ ಮುಳ್ಳು ಎತ್ತಲೇಬೇಕು. ಇನ್ನೊಂದು, ಇದು ಮೋನೋ. ಆರ್ಗನ್, ಡ್ರಮ್ಮು, ದನಿ ಎಲ್ಲ ಒಂದೇ ಕಿಂಡಿಯಿಂದ ಒಟ್ಟಿಗೆ ನುಗ್ಗುತ್ತವೆ, ಡ್ರಮ್ಮಿನ ರೋಜರ್ ಹಾಕಿನ್ಸ್ ಎಷ್ಟು ಕಡಿಮೆ ಬಾರಿಸಿದ್ದಾನೆ ಅಂತ ಆಗಲೇ ನನಗೆ ತಿಳಿದದ್ದು. ಹಿಂಬದಿಯ ಹಾಡು ಸುಮಾರು, ಎರಡು ಸಲ ಕೇಳಿದ್ದೇನೆ.

ಖರ್ಚಿನ ಲೆಕ್ಕ ಬೇಕಾದವರಿಗೆ: ತಟ್ಟೆಗೆ ಐದು ಡಾಲರು, ಅಡಾಪ್ಟರಿಗೆ 150 ರೂಪಾಯಿ, ಅಕ್ಕನ ಮಗನಿಗೆ ಪ್ರತಿಯಾಗಿ ಅರ್ಧ ಕಿಲೋ ಮೈಸೂರುಪಾಕ. ಚಪ್ಪಲಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಡಬಲ್ ಎಲ್‌ಪಿ ಬೀರುವಿನ ಪಕ್ಕ ನಿಂತಿದೆ. ಯಾರಿಗಾದರೂ ಬೇಕಿದ್ದರೆ 500ಕ್ಕೆ ಕೊಡುತ್ತೇನೆ. ಒರಿಜಿನಲ್ಲೇ. ಅವನೇ ಹಾಡಿರೋದು.