ಇಂಜಿನ್ ಕೀಂಯ್ ಅಂದ ಕೂಡಲೇ ಡೈನಮೋ ಬದಲಿಸಲು ಒಪ್ಪಬೇಡಿ

ಮಳೆ ಹಿಡಿದ ಮೇಲೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಹಳೇ ಕಾರುಗಳು ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಕೀಂಯ್ ಅನ್ನುವುದು ಮಾಮೂಲು. ಬ್ಯಾಟರಿ ಚಾರ್ಜ್ ಮಾಡುವ ಡೈನಮೋ (ಆಲ್ಟರ್ನೇಟರ್), ಏಸಿ ಎಲ್ಲ ಇಂಜಿನ್ನಿನ ಒಂದು ಬೆಲ್ಟಿನಲ್ಲಿ ತಿರುಗುವುದು. ಆ ಬೆಲ್ಟಿನ ತೇವ ಆರಿದ ಮೇಲೆ ಸದ್ದು ನಿಂತರೆ ತಲೆಬಿಸಿ ಬೇಡ. ನಮ್ಮದು ನಿಲ್ಲುತ್ತಿರಲಿಲ್ಲ. ಏಸಿ ಹಾಕಿದರೆ ಇನ್ನೂ ಜೋರು.

ಪೇಟೆಯ ಒಂದು ಗ್ಯಾರೇಜಿಗೆ ಕೊಟ್ಟೆ, ಹೆಸರು ಬೇಡ. ಬಾನೆಟ್ ಎತ್ತಿ ಅರೆ ನಿಮಿಷ ಕಿವಿಗೊಟ್ಟವರು, "ಡೈನಮೋ ಹೋಗಿದೆ ಅಣ್ಣ, ಬೇರಿಂಗ್ ಸದ್ದು" ಅಂದರು. ಬೆಲ್ಟ್ ಸುತ್ತಿಕೊಂಡಿರುವ ಗಾಲಿಗಳು, ಅಂದರೆ ಪುಲ್ಲಿಗಳು, ಒಂದನ್ನೂ ಮುಟ್ಟಿ ನೋಡಿದ್ದಿಲ್ಲ. ರೀಕಂಡೀಶನ್ ಆಲ್ಟರ್ನೇಟರ್ ಕೂರಿಸಿ 9,000 ಚಿಲ್ಲರೆ ಬಿಲ್ ಮಾಡಿದರು. ಹಳೆಯದನ್ನು ಕೇಳಿದರೆ, "ಅದು ಎಕ್ಸ್‌ಚೇಂಜಿಗೆ ಹೋಯ್ತಲ್ಲ!"

ವಾರ ಕಳೆಯುವ ಮೊದಲೇ ಮತ್ತೆ ಅದೇ ರಾಗ. ಈ ಸಲ ಬೆಲ್ಟಿಗೆ ಎಂಥದೋ ಸ್ಪ್ರೇ ಹೊಡೆದು ಕಳಿಸಿದರು, ಸದ್ದು ನಿಂತಿತು. ಆ ಸ್ಪ್ರೇ ಬೆಲ್ಟನ್ನು ಅಂಟು ಮಾಡುತ್ತದೆ, ಅಷ್ಟೇ ಮಾರಾಯ್ರೆ. ಬೆಲ್ಟ್ ಯಾಕೆ ಜಾರುತ್ತಿತ್ತು ಅನ್ನುವುದು ಹಾಗೇ ಉಳಿಯುತ್ತದೆ, ಎಚ್ಚರಿಸುತ್ತಿದ್ದ ಸದ್ದು ಮಾತ್ರ ಹೋಗುತ್ತದೆ.

ಅತ್ತೆಯನ್ನು ಡಾಕ್ಟರಿಗೆ ತೋರಿಸಲು ಮಂಗಳೂರಿಗೆ ಹೊರಟಿದ್ದೆವು. ಉಪ್ಪಳ ದಾಟುವಾಗ ಟಪ್ ಅಂತ ಕೇಳಿಸಿತು, ಬೆಲ್ಟ್ ಹರಿದಿತ್ತು. ಬ್ಯಾಟರಿಯ ಕೆಂಪು ದೀಪ ಹತ್ತಿತು, ಹಿಂದೆಯೇ ಟೆಂಪರೇಚರ್ ಮುಳ್ಳು ಏರತೊಡಗಿತು. ನಮ್ಮ ಗಾಡಿಯಲ್ಲಿ ಇಂಜಿನ್ ತಂಪಾಗಿಡಲು ನೀರು ಹರಿಸುವ ವಾಟರ್ ಪಂಪೂ ಅದೇ ಬೆಲ್ಟಿನಲ್ಲಿ ತಿರುಗುವುದು. ಬದಿಗೆ ಹಾಕಿ ಆಫ್ ಮಾಡಿದೆ. ಅತ್ತೆಯನ್ನು ರಿಕ್ಷಾದಲ್ಲಿ ರೈಲ್ವೇ ಸ್ಟೇಷನ್ನಿಗೆ ಕಳಿಸಬೇಕಾಯಿತು.

ಸ್ಕೂಟರಿನಲ್ಲಿ ಬಂದ ಉಪ್ಪಳದ ಮೆಕ್ಯಾನಿಕ್ ಒಂದೊಂದೇ ಪುಲ್ಲಿಯನ್ನು ಬೆರಳಲ್ಲಿ ತಿರುಗಿಸಿದರು. ಆಲ್ಟರ್ನೇಟರ್ ನಯವಾಗಿ ತಿರುಗಿತು. ವಾಟರ್ ಪಂಪಿಗೂ ತೊಂದರೆ ಇರಲಿಲ್ಲ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಪುಲ್ಲಿ ಮಾತ್ರ ಕಾಲು ಸುತ್ತು ಗರಗರ ಎಂದು ನಿಂತುಬಿಟ್ಟಿತು. ಬೇರಿಂಗಿನ ಸೀಲ್ ಹೋಗಿ ಗ್ರೀಸ್ ಒಣಗಿತ್ತು, ಬಟ್ಟೆಯಲ್ಲಿ ಒರೆಸಿದರೆ ತುಕ್ಕಿನ ಕೆಂಪು ಹುಡಿ. ಹರಿದ ಬೆಲ್ಟಿನ ಗೀರುಗಳು ಸವೆದ ಚಪ್ಪಲಿಯ ಅಡಿಯ ಹಾಗೆ ಮಿರಮಿರ ಮಿಂಚುತ್ತಿದ್ದವು. ಟೆನ್ಷನರೂ ಬೆಲ್ಟೂ ಸೇರಿ ಆದ ಖರ್ಚು ಆ ಡೈನಮೋದ ಅರ್ಧಕ್ಕೂ ಬರಲಿಲ್ಲ.

ಇಂಥ ಸದ್ದಿಗೆ ಮೊದಲು ಬೆಲ್ಟ್ ಕಳಚಿಸಿ ಇಂಜಿನ್ ಸ್ಟಾರ್ಟ್ ಮಾಡಿಸಿ. ಅರೆ ನಿಮಿಷ ಸಾಕು. ಹೆಚ್ಚು ಓಡಿಸಿದರೆ ಬಿಸಿಯೇರುತ್ತದೆ. ಸದ್ದು ಇಲ್ಲವಾದರೆ ಕಾರಣ ಬೆಲ್ಟ್ ಅಥವಾ ಅದು ತಿರುಗಿಸುವ ಯಾವುದೋ ಒಂದು ಭಾಗ. ಆಮೇಲೆ ಇಂಜಿನ್ ಆಫ್ ಮಾಡಿ ಪ್ರತಿ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ ನೋಡಲಿ. ನಿಮ್ಮ ಕಣ್ಣೆದುರೇ.

ಬೆಲ್ಟ್ ಕಳಚದೆಯೇ ಮಾಡುವ ನೀರಿನ ಪರೀಕ್ಷೆಯೂ ಇದೆ. ಓಡುವ ಇಂಜಿನ್ನಿನಲ್ಲಿ ಬೆಲ್ಟಿನ ಗೀರಿರುವ ಬದಿಗೆ ಸ್ವಲ್ಪ ನೀರು ಚಿಮುಕಿಸುವುದು. ಸದ್ದು ಜೋರಾದರೆ ಬೆಲ್ಟ್ ಸಡಿಲ. ಒಮ್ಮೆ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲದಿರಬಹುದು. ವ್ಯತ್ಯಾಸವೇ ಇಲ್ಲದಿದ್ದರೆ ಬೇರಿಂಗ್ ನೋಡಿಸಿ. ಹೆಗಲ ಬೈರಾಸು, ಮುಂಡಿನ ಸೆರಗು ಅತ್ತ ಸುಳಿಯದಿರಲಿ, ಕೈಯನ್ನಂತೂ ಹಾಕಲೇಬೇಡಿ.

ಇನ್ನೊಂದು, ಮಧ್ಯಾಹ್ನ ಬಿಸಿ ಇಂಜಿನ್ನಿನಲ್ಲಿ ಗ್ಯಾರೇಜಿಗೆ ಹೋದರೆ ಎಷ್ಟೋ ಸಲ ಸದ್ದು ಬರುವುದೇ ಇಲ್ಲ, ಆಗ ಊಹೆಯ ಮೇಲೆ ರಿಪೇರಿ ಶುರುವಾಗುತ್ತದೆ. ಹಿಂದಿನ ಸಂಜೆಯೇ ಗಾಡಿ ಬಿಟ್ಟು ಬನ್ನಿ. ಬೆಳಗ್ಗಿನ ಮೊದಲ ಸ್ಟಾರ್ಟ್ ಅವರೇ ಮಾಡಲಿ, ನೀವು ಪಕ್ಕದಲ್ಲಿರಿ.